ಆಷಾಢದ ಗಾಳಿಯಲ್ಲಿ ಹದಿನೆಂಟು ಹೋಲ್: ಮಳೆ ಬಂದಾಗ ಗಾಲ್ಫ್ ಚೆಂಡಿಗೆ ಏನಾಗುತ್ತದೆ?

ಜುಲೈ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಬೆಂಗಳೂರು. ಮಳೆ ಅಂತ ಹೇಳೋಕೂ ಆಗದ, ಇಲ್ಲ ಅಂತ ಹೇಳೋಕೂ ಆಗದ ಜಿಟಿಜಿಟಿ. ಪಡುವಣದಿಂದ ಆಷಾಢದ ಗಾಳಿ. ನಾನು ಒಂದು ಪಾರ್ 3 ಹೋಲಿನ (ಮೂರು ಏಟಿನಲ್ಲಿ ಮುಗಿಸಬೇಕಾದ ಹೋಲು) ಟೀ ಮೇಲೆ, ಅಂದರೆ ಮೊದಲ ಏಟು ಹೊಡೆಯುವ ಜಾಗದಲ್ಲಿ, ನಿಂತಿದ್ದೆ. ಬಾವುಟ 140 ಯಾರ್ಡ್ ದೂರ, ಗಾಳಿ ನೇರ ಮುಖಕ್ಕೆ. ಮಾಮೂಲಿ ದಿನ ಅದು ನನ್ನ 7 ಐರನ್‌ನ ದೂರ. ಐರನ್ ಅಂದರೆ ನಂಬರ್ ಇರುವ ಲೋಹದ ಕೋಲು, ನಂಬರ್ ಕಡಿಮೆಯಾದಷ್ಟೂ ಚೆಂಡು ದೂರ ಹೋಗುತ್ತದೆ.

"ಸಾರ್, ಏಳು ಬೇಡ. ಐದು ತಗೊಳ್ಳಿ, ಮೆಲ್ಲಗೆ ಹೊಡೀರಿ" ಅಂದರು ಕ್ಯಾಡಿ, ನನ್ನ ಬ್ಯಾಗ್ ಹೊರುವವರು. ನನಗಿಂತ ಹದಿನೈದು ವರ್ಷ ದೊಡ್ಡವರು, ಅದೇ ಮೈದಾನದಲ್ಲಿ ಬೆಳೆದವರು. ನಾನು ಕೇಳಲಿಲ್ಲ. ಏಳನ್ನೇ ತಗೊಂಡು ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಬೀಸಿದೆ. ಏಟು ಚೆನ್ನಾಗಿಯೇ ಬಿತ್ತು. ಚೆಂಡು ಗಾಳಿಪಟದ ಹಾಗೆ ಮೇಲೇರಿತು, ಒಂದು ಕ್ಷಣ ಅಲ್ಲೇ ನಿಂತ ಹಾಗಾಯಿತು, ಆಮೇಲೆ ನೆಟ್ಟಗೆ ಕೆಳಗೆ ಬಿತ್ತು. ಗ್ರೀನಿಗೆ (ಹೋಲು ಇರುವ ನುಣುಪು ಹುಲ್ಲಿನ ಜಾಗ) ಮುಂಚೆ ಇದ್ದ ಬಂಕರಿನ, ಅಂದರೆ ಮರಳುಗುಂಡಿಯ, ನೀರಿನಲ್ಲಿ ಪಚಕ್ ಅಂತ ಸದ್ದು. ಕ್ಯಾಡಿ ಏನೂ ಅನ್ನಲಿಲ್ಲ. ಕೊಡೆಯ ಕಡ್ಡಿಗೆ ಸಿಕ್ಕಿಸಿದ್ದ ಟವೆಲ್ ತೆಗೆದು ನನ್ನ ಕೈಗೆ ಕೊಟ್ಟರು, ಅಷ್ಟೇ.

ಅವರಿಗೆ ಗೊತ್ತಿದ್ದದ್ದು ಏನು, ನನಗೆ ಗೊತ್ತಿಲ್ಲದೆ ಹೋದದ್ದು ಏನು ಅನ್ನೋದೇ ಈ ಲೇಖನ. ಹವ್ಯಾಸಕ್ಕೆ ಆಡುವ ನಮ್ಮಂಥವರು ಕೆಟ್ಟ ಹವೆಯಲ್ಲಿ ಸೋಲುವುದು ಮೈ ನೆನೆದದ್ದಕ್ಕಲ್ಲ. ಲೆಕ್ಕ ಬದಲಾಗಿದೆ ಅಂತ ಒಪ್ಪಿಕೊಳ್ಳದೆ, ಹಳೇ ಲೆಕ್ಕವನ್ನೇ ಇನ್ನೂ ಜೋರಾಗಿ ಹೊಡೆಯುವುದಕ್ಕೆ.

ಗಾಳಿಯಿಂದಲೇ ಶುರು ಮಾಡೋಣ. ಗಾಲ್ಫ್ ಚೆಂಡಿನ ತೂಕ ಹೆಚ್ಚೆಂದರೆ 45.93 ಗ್ರಾಂ, ಅಡ್ಡಳತೆ ಕಡಿಮೆಯೆಂದರೆ 42.67 ಮಿಲಿಮೀಟರ್. ಇದು ನಿಯಮವೇ ಹಾಕಿರುವ ಮಿತಿ. ಒಂದು ದೊಡ್ಡ ನಿಂಬೆಹಣ್ಣು ಅಂದುಕೊಳ್ಳಿ. ಇಷ್ಟು ಚಿಕ್ಕದು ಅಷ್ಟು ದೂರ ಹಾರಲು ಏಟಿನ ವೇಗ ಒಂದೇ ಕಾರಣ ಅಲ್ಲ. ಐರನ್ ಮುಖ ಓರೆಯಾಗಿರುತ್ತದೆ, ಹಾಗಾಗಿ ಏಟು ಬಿದ್ದ ಚೆಂಡು ಹಿಮ್ಮುಖವಾಗಿ ತಿರುಗುತ್ತಾ ಹೊರಡುತ್ತದೆ. ವೃತ್ತಿಪರ ಆಟಗಾರರ 7 ಐರನ್ ಏಟಿನಲ್ಲಿ ಈ ತಿರುಗು ನಿಮಿಷಕ್ಕೆ ಸುಮಾರು 7000 ಸುತ್ತು. ಹೀಗೆ ತಿರುಗುವ ಚೆಂಡು ತನ್ನ ಸುತ್ತಲ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ಚೆಂಡನ್ನು ಮೇಲಕ್ಕೆ ತಳ್ಳುತ್ತದೆ. ಮೈಮೇಲಿನ ಗುಳಿಗಳು ಚೆಂಡಿನ ಬೆನ್ನ ಹಿಂದೆ ಏಳುವ ಗಾಳಿಯ ಸುಳಿಯನ್ನು ಕಿರಿದು ಮಾಡುತ್ತವೆ. ನುಣುಪಾದ ಚೆಂಡು ಇದರ ಅರ್ಧ ದೂರ ಹೋದರೆ ಹೆಚ್ಚು.

ಈಗ ಎದುರುಗಾಳಿ ಹಾಕಿ ನೋಡೋಣ. ಚೆಂಡು ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಹೊರಟಿದೆ. ಎದುರಿಗೆ ಸೆಕೆಂಡಿಗೆ 5 ಮೀಟರ್ ಗಾಳಿ, ಅಂದರೆ ಗಂಟೆಗೆ 18 ಕಿಲೋಮೀಟರ್. ಆಷಾಢದಲ್ಲಿ ಇದು ದೊಡ್ಡ ಗಾಳಿಯೇ ಅಲ್ಲ. ಚೆಂಡಿನ ಪಾಲಿಗೆ ಗಾಳಿಯ ವೇಗ 50 ಅಲ್ಲ, 55. ಶೇಕಡ ಹತ್ತರಷ್ಟು ಹೆಚ್ಚಾಯಿತು, ಅದಕ್ಕೇನಂತೆ ಅನ್ನಬಹುದು. ಆದರೆ ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 1.1 ಗುಣಿಸು 1.1, ಅಂದರೆ 1.21. ತಡೆ ಶೇಕಡ 21ರಷ್ಟು ಜಾಸ್ತಿ. ಮೇಲೆತ್ತುವ ಬಲವೂ ಹೆಚ್ಚು ಕಡಿಮೆ ಅಷ್ಟೇ ಜಾಸ್ತಿ. ಚೆಂಡು ಮುಂದೆ ಹೋಗಬೇಕಾದ ಶಕ್ತಿಯನ್ನು ಮೇಲೆ ಹೋಗಲು ಖರ್ಚು ಮಾಡಿಕೊಳ್ಳುತ್ತದೆ. ನನ್ನ ಚೆಂಡು ಗಾಳಿಪಟ ಆದದ್ದು ಹೀಗೆ.

ಇಲ್ಲಿ ನನ್ನ ಎರಡನೇ ತಪ್ಪೂ ಸೇರಿಕೊಂಡಿತು. ಜೋರಾಗಿ ಬೀಸಿದಷ್ಟೂ ತಿರುಗು ಹೆಚ್ಚಾಗುತ್ತದೆ. ತಿರುಗು ಹೆಚ್ಚಾದಷ್ಟೂ ಚೆಂಡು ಮೇಲೇರುತ್ತದೆ. ಮೇಲೇರಿದಷ್ಟೂ ಗಾಳಿ ಬಲವಾಗಿರುತ್ತದೆ. ನೆಲದ ಹತ್ತಿರ ಹುಲ್ಲು, ಪೊದೆ, ಮರ ಎಲ್ಲ ಸೇರಿ ಗಾಳಿಯನ್ನು ತಡೆಯುತ್ತವೆ, ಆರೇಳು ಮಹಡಿ ಎತ್ತರದಲ್ಲಿ ತಡೆಯೋರು ಯಾರೂ ಇಲ್ಲ. ಅಂದರೆ ನಾನು ಹಾಕಿದ ಹೆಚ್ಚಿನ ಬಲವೆಲ್ಲ ಗಾಳಿಯ ಕಡೆಗೇ ಸೇರಿಕೊಂಡು ನನ್ನ ವಿರುದ್ಧ ಆಡಿತು. ಕ್ಯಾಡಿ ಹೇಳಿದ 5 ಐರನ್ ಯಾಕೆ ಸರಿ ಅನ್ನೋದು ಈಗ ಗೊತ್ತಾಗುತ್ತದೆ. ಅದರ ಮುಖ ಅಷ್ಟು ಓರೆ ಇಲ್ಲ. ಮೆಲ್ಲಗೆ ಬೀಸಿದರೆ ತಿರುಗು ಕಡಿಮೆ. ಚೆಂಡು ತಗ್ಗಿನಲ್ಲೇ ಹೋಗುತ್ತದೆ.

ಮೈದಾನದಲ್ಲಿ ನಿಂತು ವರ್ಗ ಗುಣಿಸೋಕೆ ಆಗುತ್ತದಾ? ಅದಕ್ಕೆ ಒಂದು ಅಂದಾಜು ಲೆಕ್ಕ ಇದೆ. ಗಂಟೆಗೆ 16 ಕಿಲೋಮೀಟರ್ ಎದುರುಗಾಳಿ ಇದ್ದರೆ ದೂರಕ್ಕೆ ಶೇಕಡ 10 ಸೇರಿಸಿ. ಅದೇ ಗಾಳಿ ಬೆನ್ನಿಗಿದ್ದರೆ ಶೇಕಡ 5 ಮಾತ್ರ ಕಳೆಯಿರಿ. ಅರ್ಧವೇ ಯಾಕೆ? ಹಿಂದಿನಿಂದ ಗಾಳಿ ಬಂದಾಗ ತಡೆ ಕಡಿಮೆಯಾಗುವುದೇನೋ ನಿಜ, ಆದರೆ ಮೇಲೆತ್ತುವ ಬಲವೂ ಕಡಿಮೆಯಾಗಿ ಚೆಂಡು ಬೇಗ ನೆಲಕ್ಕಿಳಿಯುತ್ತದೆ. ಗಾಳಿ ಬಂದಾಗ ತೂರಿಕೋ ಅಂತ ಗಾದೆ ಇದೆ, ಆದರೆ ಗಾಲ್ಫಿನಲ್ಲಿ ತೂರಿದ್ದರಲ್ಲಿ ಅರ್ಧ ಕಾಳು ಮಾತ್ರ ಕೈಗೆ ಸಿಗುತ್ತದೆ. ಹಾಗಾಗಿ ಒಂಬತ್ತು ಹೋಲು ಎದುರುಗಾಳಿ, ಒಂಬತ್ತು ಹೋಲು ಬೆನ್ನುಗಾಳಿ ಇದ್ದರೆ ಎರಡೂ ಸರಿಹೋಯಿತು ಅಂದುಕೊಳ್ಳಬೇಡಿ. ನಷ್ಟವೇ ಜಾಸ್ತಿ.

ಗಾಳಿ ಎತ್ತ ಬೀಸುತ್ತಿದೆ ಅಂತ ನೋಡಲು ಗ್ರೀನಿನ ಬಾವುಟವನ್ನು ಪೂರ್ತಿ ನಂಬಬೇಡಿ. ಅದು ನೆಲದ ಹತ್ತಿರದ ಸುದ್ದಿ. ಮರದ ತುದಿ ನೋಡಿ. ನೀಲಗಿರಿ ಮರ ಇದ್ದರೆ ಇನ್ನೂ ಒಳ್ಳೇದು, ಸುಳ್ಳು ಹೇಳೋದಿಲ್ಲ. ಹುಲ್ಲು ಕಿತ್ತು ತೂರಿ ನೋಡುವುದಕ್ಕೆ ನಿಯಮದಲ್ಲಿ ಅಡ್ಡಿ ಇಲ್ಲ. ಆದರೆ ಪೌಡರ್ ತೂರಿ ನೋಡುವ ಹಾಗಿಲ್ಲ, ಗಾಳಿಯ ವೇಗ ಅಳೆಯುವ ಯಂತ್ರವನ್ನೂ ಬಳಸುವ ಹಾಗಿಲ್ಲ. ಮೊಬೈಲಿನಲ್ಲಿ ಹವಾಮಾನ ವರದಿ ನೋಡಬಹುದು. ಹುಲ್ಲಾದರೆ ಸರಿ, ಪೌಡರ್ ಆದರೆ ತಪ್ಪು. ಗಾಲ್ಫ್ ನಿಯಮಗಳು ಅಂದರೆ ಹೀಗೇ.

ಇನ್ನು ಮಳೆ. ಮಳೆಹನಿ ಹೊಡೆದು ಚೆಂಡನ್ನು ಕೆಳಗೆ ಬೀಳಿಸುತ್ತದೆ ಅಂತ ಬಹಳ ಜನ ನಂಬಿದ್ದಾರೆ. ನಾನೂ ನಂಬಿದ್ದೆ. ಲೆಕ್ಕ ಹಾಕಿದರೆ ನಗು ಬರುತ್ತದೆ. ಜೋರು ಮಳೆಯಲ್ಲಿ ಒಂದು ಘನ ಮೀಟರ್ ಗಾಳಿಯೊಳಗೆ ಇರುವ ಹನಿಗಳ ತೂಕ ಸುಮಾರು ಒಂದು ಗ್ರಾಂ. ಚೆಂಡಿನ ಅಡ್ಡಕೊಯ್ತದ ವಿಸ್ತಾರ 14 ಚದರ ಸೆಂಟಿಮೀಟರಿಗೆ ಸ್ವಲ್ಪ ಮೇಲೆ. 150 ಮೀಟರ್ ಹಾರಿದರೂ ಅದು ಸೀಳಿಕೊಂಡು ಹೋಗುವ ಗಾಳಿ ಒಂದು ಘನ ಮೀಟರಿನ ಐದನೇ ಒಂದು ಭಾಗ. ಅಂದರೆ ದಾರಿಯಲ್ಲಿ ಸಿಗುವ ನೀರು ಹೆಚ್ಚು ಕಡಿಮೆ 0.2 ಗ್ರಾಂ. 46 ಗ್ರಾಂ ಚೆಂಡಿಗೆ ಇದು ಸೊಳ್ಳೆ ಕಚ್ಚಿದ ಹಾಗೆ.

ತೇವದ ಗಾಳಿ ಭಾರ ಅನ್ನೋದೂ ಹಾಗೇ ಇನ್ನೊಂದು ತಪ್ಪು ಕಲ್ಪನೆ. ನೀರಿನ ಆವಿಯ ಕಣ ಗಾಳಿಯ ಸಾರಜನಕ, ಆಮ್ಲಜನಕದ ಕಣಗಳಿಗಿಂತ ಹಗುರ. ಆವಿ ತುಂಬಿದ ಗಾಳಿ ಒಣಗಾಳಿಗಿಂತ ಕೂದಲೆಳೆಯಷ್ಟು ಹಗುರವೇ. ಮಳೆಗೆ ಹವೆ ತಣ್ಣಗಾದಾಗ ಗಾಳಿ ಸ್ವಲ್ಪ ಗಟ್ಟಿಯಾಗುತ್ತದೆ, ಡ್ರೈವರ್ (ಅತಿ ದೂರ ಹೊಡೆಯುವ ಕೋಲು) ಏಟಿನಲ್ಲಿ ಮೂರು ನಾಲ್ಕು ಯಾರ್ಡ್ ಕಡಿಮೆಯಾಗಬಹುದು. ಅಷ್ಟೇ.

ಹಾಗಾದರೆ ಮಳೆಯಲ್ಲಿ ದೂರ ಎಲ್ಲಿ ಕಳೆದುಹೋಗುತ್ತದೆ? ಚೆಂಡು ಹಾರುವಾಗ ಅಲ್ಲ. ಏಟು ಬೀಳುವ ಜಾಗದಲ್ಲಿ, ಆಮೇಲೆ ಚೆಂಡು ಇಳಿಯುವ ಜಾಗದಲ್ಲಿ.

ಐರನ್ ಮುಖದ ಮೇಲೆ ಗೀರುಗಳಿರುತ್ತವೆ ಅಲ್ವಾ? ಅವು ಇರುವುದು ಚಂದಕ್ಕಲ್ಲ, ಸ್ಕೂಟರ್ ಟೈರಿನ ಪಟ್ಟೆಗಳ ಕೆಲಸಕ್ಕೆ. ನೀರನ್ನು, ಹುಲ್ಲಿನ ರಸವನ್ನು ಪಕ್ಕಕ್ಕೆ ಸರಿಸಿ ಲೋಹಕ್ಕೂ ಚೆಂಡಿಗೂ ನೇರ ಹಿಡಿತ ಸಿಗುವ ಹಾಗೆ ಮಾಡುತ್ತವೆ. ಗೀರಿನಲ್ಲಿ ಮಣ್ಣು ತುಂಬಿದ್ದರೆ, ಮುಖ ಒದ್ದೆಯಾಗಿದ್ದರೆ, ಸವೆದ ಟೈರು ಮಳೆಗಾಲದ ರಸ್ತೆಯಲ್ಲಿ ಜಾರುವ ಹಾಗೆ ಚೆಂಡು ಮುಖದ ಮೇಲೆ ಜಾರುತ್ತದೆ. ವೆಡ್ಜ್ (ಮುಖ ತುಂಬಾ ಓರೆಯಾದ ಕೋಲು) ಏಟಿನಲ್ಲಿ ತಿರುಗು ಅರ್ಧಕ್ಕರ್ಧ ಇಳಿದುಹೋಗಬಹುದು. ಚೆಂಡು ಮಾಮೂಲಿಗಿಂತ ಎತ್ತರಕ್ಕೆ ಹೊರಡುತ್ತದೆ, ಗ್ರೀನಿನ ಮೇಲೆ ಬಿದ್ದಾಗ ಅಂದುಕೊಂಡಷ್ಟು ಬ್ರೇಕ್ ಹಾಕುವುದಿಲ್ಲ. ಒಂದೊಂದು ಸಲ ಉದ್ದ ಹುಲ್ಲಿನ ಒದ್ದೆ ರಫ್‌ನಿಂದ ಹೊಡೆದ ಐರನ್ ಏಟು ಹದಿನೈದು ಯಾರ್ಡ್ ಜಾಸ್ತಿ ಹೋಗಿ ಗ್ರೀನಿನ ಹಿಂದೆ ಬೀಳುತ್ತದೆ. ಇದನ್ನು 'ಫ್ಲೈಯರ್' ಅನ್ನುತ್ತಾರೆ. ಅಂಥ ಏಟು ಹೊಡೆದವನು ತನ್ನ ತೋಳು ಮುಟ್ಟಿ ನೋಡಿಕೊಳ್ಳುತ್ತಾನೆ, ಇಷ್ಟು ಬಲ ಎಲ್ಲಿಂದ ಬಂತು ಅಂತ. ಬಲ ಅಲ್ಲ, ನೀರು.

ಹಾಗಾಗಿ ಮಳೆ ದಿನ ಒಂದೇ ಒಂದು ಸಾಮಾನು ತಗೊಂಡು ಹೋಗಿ ಅಂದರೆ ನಾನು ಹೇಳೋದು ಟವೆಲ್. ಒಂದಲ್ಲ, ಮೂರು. ಒಂದು ಕೊಡೆಯೊಳಗಿನ ಕಡ್ಡಿಗೆ ಸಿಕ್ಕಿಸಿ, ಅಲ್ಲಿ ಅದು ನೆನೆಯುವುದಿಲ್ಲ. ಒಂದು ಬ್ಯಾಗಿನ ಒಳಗೆ, ಪ್ಲಾಸ್ಟಿಕ್ ಕವರಿನಲ್ಲಿ. ಇನ್ನೊಂದು ಮಣ್ಣು ಒರೆಸೋಕೆ, ಹಳೇದು. ಸಾವಿರಾರು ರೂಪಾಯಿಯ ಜಾಕೆಟ್ಟಿಗಿಂತ ಇದು ಜಾಸ್ತಿ ಏಟು ಉಳಿಸುತ್ತದೆ. ಗ್ಲೌಸ್ ವಿಷಯದಲ್ಲಿ ಒಂದು ಸೋಜಿಗ. ಮಾಮೂಲಿ ತೊಗಲಿನ ಗ್ಲೌಸ್ ಒದ್ದೆಯಾದರೆ ಸೋಪಿನ ಹಾಗೆ ಜಾರುತ್ತದೆ. ಮಳೆಗೆಂದೇ ಮಾಡಿದ ಬಟ್ಟೆಯ ಗ್ಲೌಸ್ ಒದ್ದೆಯಾದಷ್ಟೂ ಚೆನ್ನಾಗಿ ಹಿಡಿಯುತ್ತದೆ, ಅದನ್ನು ಎರಡೂ ಕೈಗೆ ಹಾಕಿಕೊಳ್ಳುತ್ತಾರೆ. ಅದೂ ಇಲ್ಲ ಅಂದರೆ ಕರ್ಚೀಫನ್ನೇ ಹಿಡಿಕೆಗೆ ಸುತ್ತಿ ಹೊಡೆಯಬಹುದು, ನಿಯಮ ಬೇಡ ಅನ್ನುವುದಿಲ್ಲ. ಹಿಡಿತ ಜಾರುತ್ತದೆ ಅನ್ನೋ ಭಯದಲ್ಲಿ ಕೈ ಬಿಗಿಯಾಗುತ್ತದೆ, ಬಿಗಿಯಾದ ಕೈಯಲ್ಲಿ ಮಣಿಕಟ್ಟು ತಿರುಗುವುದಿಲ್ಲ, ಚೆಂಡು ಬಲಕ್ಕೆ ಓಡುತ್ತದೆ. ಅರ್ಧ ಜನರ ಮಳೆಗಾಲದ ಸ್ಲೈಸ್ ಹುಟ್ಟುವುದು ಈ ಭಯದಿಂದ.

ನೆಲದ ಕಥೆ ಬೇಗ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಹುಲ್ಲು ಕತ್ತರಿಸಿದ ಗಟ್ಟಿ ಫೇರ್‌ವೇ ಮೇಲೆ ಚೆಂಡು ಬಿದ್ದ ಮೇಲೂ ಇಪ್ಪತ್ತು ಮೂವತ್ತು ಯಾರ್ಡ್ ಉರುಳುತ್ತದೆ. ಮಳೆಗಾಲದಲ್ಲಿ ಬಿದ್ದಲ್ಲೇ ಕೂರುತ್ತದೆ. ದೂರ ಕಳೆದುಹೋಗುವ ದೊಡ್ಡ ತೂತು ಇದೇ. ಮೆತ್ತಗಿನ ನೆಲದಲ್ಲಿ ಚೆಂಡಿಗಿಂತ ಒಂದಂಗುಲ ಹಿಂದೆ ಐರನ್ ತಾಗಿದರೆ ಗುದ್ದಲಿ ಕೆಲಸ ಆಗಿಹೋಗುತ್ತದೆ, ಮುಖಕ್ಕೆಲ್ಲ ಕೆಸರು. ಚೆಂಡನ್ನು ಬಲಗಾಲಿನ ಕಡೆ ಒಂದು ಚೂರು ಸರಿಸಿಕೊಂಡು ನಿಂತು ಮುಕ್ಕಾಲು ಬೀಸಿದರೆ ಸಾಕು. ಗ್ರೀನಿನ ಮೇಲೆ ನೀರು ಇದ್ದರೆ ಪಟ್ (ಹೋಲಿಗೆ ಚೆಂಡು ಉರುಳಿಸುವ ಏಟು) ನಿಧಾನ, ತಿರುವು ಕಡಿಮೆ. ಹೋಲು ದಾಟಿ ಹೋದರೂ ಪರವಾಗಿಲ್ಲ ಅನ್ನೋ ಧೈರ್ಯದಲ್ಲಿ ಹೊಡೆಯಬೇಕು. ಬಂಕರಿನ ಮರಳು ನೆನೆದು ಗಟ್ಟಿಯಾಗಿರುತ್ತದೆ, ಸ್ಯಾಂಡ್ ವೆಡ್ಜ್‌ನ ಅಗಲ ತಳ ಅದರ ಮೇಲೆ ಪುಟಿದು ಚೆಂಡಿನ ನಡುವಿಗೇ ಹೊಡೆಯುತ್ತದೆ.

ಬಂಕರ್ ಅಂದ ಮೇಲೆ ನನ್ನ ಚೆಂಡು ಇನ್ನೂ ಅಲ್ಲೇ ಇದೆ. ಪಾದ ಮುಳುಗುವಷ್ಟು ನೀರಿನಲ್ಲಿ, ಬೆಳ್ಳಗೆ, ಅಣಕಿಸುತ್ತಾ.

ನಿಯಮದ ಪುಸ್ತಕ ನೋಡಿ ಹೆದರಬೇಡಿ, ಮಳೆ ದಿನ ಅದು ನಿಮ್ಮ ಕಡೆಗೇ ಇರುತ್ತದೆ. ಮಳೆಯಿಂದ ನಿಂತ ನೀರಿಗೆ 16ನೇ ನಿಯಮದಲ್ಲಿ ತಾತ್ಕಾಲಿಕ ನೀರು ಅಂತ ಹೆಸರು. ಹಳಬರು ಈಗಲೂ 'ಕ್ಯಾಶುವಲ್ ವಾಟರ್' ಅಂತಲೇ ಕರೆಯುತ್ತಾರೆ, 2019ರವರೆಗೆ ಅದೇ ಹೆಸರಿತ್ತು. ನೀವು ಮಾಮೂಲಾಗಿ ನಿಂತಾಗ ಕಾಲ ಸುತ್ತ ನೀರು ಕಾಣಿಸಬೇಕು. ಕಾಲನ್ನು ಒತ್ತಿ ಒತ್ತಿ ನೀರು ಹಿಂಡುವ ಹಾಗಿಲ್ಲ. ಬರೀ ಕೆಸರು, ಬರೀ ಮೆತ್ತಗಿನ ನೆಲ ಲೆಕ್ಕಕ್ಕಿಲ್ಲ. ಇಬ್ಬನಿಯೂ ಅಲ್ಲ. ನೀರು ನಿಮ್ಮ ಚೆಂಡಿಗೋ ನಿಲ್ಲುವ ಜಾಗಕ್ಕೋ ಬೀಸುವ ದಾರಿಗೋ ಅಡ್ಡ ಬಂದರೆ, ಅಡ್ಡಿ ಪೂರ್ತಿ ತಪ್ಪುವ ಅತಿ ಹತ್ತಿರದ ಜಾಗ ಹುಡುಕಿ, ಅಲ್ಲಿಂದ ಒಂದು ಕ್ಲಬ್ (ಹೊಡೆಯುವ ಕೋಲು) ಉದ್ದದೊಳಗೆ, ಹೋಲಿಗೆ ಹತ್ತಿರ ಆಗದ ಹಾಗೆ, ಮೊಣಕಾಲಿನ ಎತ್ತರದಿಂದ ಚೆಂಡು ಬಿಡಬೇಕು. ದಂಡ ಇಲ್ಲ. ಚೆಂಡನ್ನು ಒರೆಸಿಕೊಳ್ಳಲೂಬಹುದು. ಗ್ರೀನಿನ ಮೇಲಿದ್ದರೆ ಇನ್ನೂ ಒಂದು ಹೆಚ್ಚಿನ ಅನುಕೂಲ. ನಿಮ್ಮ ಚೆಂಡಿಗೂ ಹೋಲಿಗೂ ನಡುವೆ ನೀರು ನಿಂತಿದ್ದರೂ ಜಾಗ ಬದಲಾಯಿಸಬಹುದು. ಕೆರೆ, ಕಾಲುವೆಯಂಥ ಪೆನಾಲ್ಟಿ ಏರಿಯಾ ಒಳಗೆ ಬಿದ್ದಿದ್ದರೆ ಮಾತ್ರ ಈ ಯಾವ ಸೌಲಭ್ಯವೂ ಇಲ್ಲ.

ಬಂಕರಿನಲ್ಲಿ ಒಂದು ಗಂಟು ಇದೆ. ಪುಕ್ಕಟೆ ಪರಿಹಾರ ಬೇಕಾದರೆ ಬಂಕರಿನ ಒಳಗೇ ಜಾಗ ಹುಡುಕಬೇಕು. ಪೂರ್ತಿ ಒಣ ಜಾಗ ಇಲ್ಲದಿದ್ದರೆ ಇದ್ದುದರಲ್ಲಿ ಕಡಿಮೆ ನೀರಿರುವ ಜಾಗ. ಹೊರಗೆ ಬರಬೇಕೆಂದರೆ ಒಂದು ಏಟಿನ ದಂಡ ಕಟ್ಟಿ, ಹೋಲು ಮತ್ತು ಚೆಂಡಿನ ಗೆರೆಯನ್ನು ಹಿಂದಕ್ಕೆ ಎಳೆದುಕೊಂಡು ಹೋಗಿ ಬಿಡಬೇಕು. ನಾನು ಒಳಗೇ ಬಿಟ್ಟೆ. ಗಟ್ಟಿ ಮರಳು. ವೆಡ್ಜ್ ಪುಟಿಯಿತು. ಚೆಂಡು ಗ್ರೀನಿನ ಮೇಲೆ ಹಾರಿ ಆಚೆ ದಿಬ್ಬಕ್ಕೆ ಬಿತ್ತು, ಕಣ್ಣಿಗೇ ಕಾಣದಷ್ಟು ಹೂತುಕೊಂಡಿತು.

ಹೂತುಕೊಂಡರೂ ನಿಯಮ ಕೈಬಿಡುವುದಿಲ್ಲ. ನಿಮ್ಮ ಏಟಿನಿಂದಲೇ ಆದ ಗುಳಿಯಲ್ಲಿ, ನೆಲದ ಮಟ್ಟಕ್ಕಿಂತ ಚೆಂಡಿನ ಸ್ವಲ್ಪ ಭಾಗವಾದರೂ ಕೆಳಗಿದ್ದರೆ, ಎತ್ತಿ ಒರೆಸಿ ಅದರ ಹಿಂದೆಯೇ ಒಂದು ಕ್ಲಬ್ ಉದ್ದದೊಳಗೆ ಬಿಡಬಹುದು. ಫೇರ್‌ವೇ ಆಗಲಿ ರಫ್ ಆಗಲಿ, ನಡೆಯುತ್ತದೆ. ಬಂಕರಿನ ಮರಳಲ್ಲಿ ಹೂತರೆ ಇಲ್ಲ. ಆದರೆ ಚೆಂಡು ಹೂಳದೆ ಸುಮ್ನೆ ಮಣ್ಣು ಮೆತ್ತಿಕೊಂಡು ಫೇರ್‌ವೇ ಮೇಲೆ ಕೂತಿದ್ದರೆ ಮುಟ್ಟೋ ಹಾಗಿಲ್ಲ. ಹಾಗೇ ಹೊಡೆಯಬೇಕು, ಅದು ಯಾವ ಕಡೆ ತಿರುಗಿಕೊಳ್ಳುತ್ತದೋ ದೇವರೇ ಬಲ್ಲ. ಇದು ಅನ್ಯಾಯ ಅನ್ನಿಸಿದರೆ ನೀವು ಒಬ್ಬರೇ ಅಲ್ಲ. ಅದಕ್ಕೇ ಮಳೆಗಾಲದಲ್ಲಿ ಬಹಳಷ್ಟು ಕ್ಲಬ್ಬುಗಳು 'ಪ್ರಿಫರ್ಡ್ ಲೈ' ಅಂತ ಬೋರ್ಡ್ ಹಾಕುತ್ತವೆ. ಆಗ ಫೇರ್‌ವೇ ಮೇಲಿನ ಚೆಂಡನ್ನು ಎತ್ತಿ ಒರೆಸಿ ಇಟ್ಟುಕೊಳ್ಳಬಹುದು. ಬೋರ್ಡ್ ನೋಡದೆ ಎತ್ತಿದವರ ಗತಿ ಬೇರೆ.

ಕೊಡೆಯ ನಿಯಮ ನನಗೆ ತುಂಬಾ ಇಷ್ಟ. ನೀವು ಹೊಡೆಯುವಾಗ ಕ್ಯಾಡಿಯಾಗಲಿ ಗೆಳೆಯರಾಗಲಿ ನಿಮ್ಮ ತಲೆ ಮೇಲೆ ಕೊಡೆ ಹಿಡಿದಿರುವ ಹಾಗಿಲ್ಲ, ಹಿಡಿದರೆ ಎರಡು ಏಟಿನ ದಂಡ. ಏಟಿಗೆ ಮುಂಚೆ ಹಿಡಿದಿದ್ದು ಸರಿದುಕೊಂಡರೆ ತೊಂದರೆ ಇಲ್ಲ. ಆದರೆ ನೀವೇ ಒಂದು ಕೈಯಲ್ಲಿ ಕೊಡೆ ಹಿಡಿದು ಇನ್ನೊಂದು ಕೈಯಲ್ಲಿ ಪಟ್ ಮಾಡಿದರೆ ಯಾರೂ ಕೇಳುವುದಿಲ್ಲ! ನಿನ್ನ ಕಷ್ಟ ನೀನೇ ಪಡು ಅನ್ನೋ ಆಟ ಇದು.

ಮಳೆ ದಿನದ ನಿಯಮಕ್ಕೆ ಅತಿ ಕ್ರೂರ ಉದಾಹರಣೆ ಅಮೆರಿಕದ ಅರಿಝೋನಾದ್ದು. 2019ರ ಫೀನಿಕ್ಸ್ ಓಪನ್, ಕೊನೆಯ ದಿನ, ಮಳೆ. ಮುಂದಿದ್ದ ರಿಕಿ ಫೌಲರ್ 11ನೇ ಹೋಲಿನಲ್ಲಿ ಹೊಡೆದ ಚಿಕ್ಕ ಏಟು ಒದ್ದೆ ಗ್ರೀನ್ ದಾಟಿ ಜಾರಿ ಹಿಂದಿನ ನೀರಿಗೆ ಬಿತ್ತು. ಒಂದು ಏಟಿನ ದಂಡ. ದಡದ ಮೇಲೆ ಎರಡು ಸಲ ಬಿಟ್ಟ ಚೆಂಡೂ ನಿಲ್ಲಲಿಲ್ಲ, ಆಮೇಲೆ ಕೈಯಿಂದ ಇಟ್ಟರು. ನಿಂತಿತು. ಗ್ರೀನ್ ನೋಡಿಬರಲು ಅವರು ಮೇಲೆ ಹೋದರು. ಅಷ್ಟರಲ್ಲಿ ಯಾರೂ ಮುಟ್ಟದೆ ಚೆಂಡು ತಾನಾಗಿ ಉರುಳಿ ಮತ್ತೆ ನೀರಿಗೆ! ಇನ್ನೊಂದು ದಂಡ. ಇಟ್ಟ ಕ್ಷಣದಿಂದ ಚೆಂಡು ಆಟದಲ್ಲಿದೆ, ಗಾಳಿ, ನೀರು, ಇಳಿಜಾರು ಎತ್ತ ಒಯ್ದರೂ ಹೊಸ ಜಾಗದಿಂದಲೇ ಆಡಬೇಕು ಅನ್ನೋದು ಆಗಿನ ನಿಯಮ. 2023ರಿಂದ ಇದು ಸಡಿಲವಾಗಿದೆ, ಬಿಟ್ಟ ಅಥವಾ ಇಟ್ಟ ಚೆಂಡು ಹೀಗೆ ತಾನಾಗಿ ಉರುಳಿ ನೀರಿನಂಥ ಬೇರೆ ಭಾಗಕ್ಕೆ ಹೋದರೆ ದಂಡವಿಲ್ಲದೆ ವಾಪಸ್ ಇಡಬೇಕು. ಪಾರ್ 4 ಹೋಲಿನಲ್ಲಿ 7. ಆದರೂ ಕೊನೆಗೆ ಅವರೇ ಗೆದ್ದರು ಅನ್ನೋದು ಬೇರೆ ಮಾತು. ಈ ನಿಯಮಕ್ಕೆ ಇನ್ನೊಂದು ವಿನಾಯಿತಿಯೂ ಇದೆ. ಗ್ರೀನಿನ ಮೇಲೆ ನೀವು ಚೆಂಡು ಎತ್ತಿ ಒರೆಸಿ ಇಟ್ಟ ಮೇಲೆ ಗಾಳಿಗೆ ಉರುಳಿದರೆ, ವಾಪಸ್ ತಂದು ಇಟ್ಟುಕೊಳ್ಳಬಹುದು. ಹಾಗಾಗಿ ಗಾಳಿ ದಿನ ಗ್ರೀನ್ ತಲುಪಿದ ಕೂಡಲೇ ಚೆಂಡಿಗೆ ಗುರುತಿಟ್ಟು, ಎತ್ತಿ, ಮತ್ತೆ ಇಟ್ಟುಬಿಡಿ. ಅರ್ಧ ನಿಮಿಷದ ಕೆಲಸ.

ಇಷ್ಟೆಲ್ಲ ಕಷ್ಟ ಇದ್ದರೂ ಮಳೆ ಬಂತು ಅಂತ ಆಟ ನಿಲ್ಲಿಸೋ ಹಾಗಿಲ್ಲ. ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ವಿಚಿತ್ರ. ಸ್ಪರ್ಧೆಯಲ್ಲಿ ಸಮಿತಿ ನಿಲ್ಲಿಸಿ ಅನ್ನದೆ, ಬರೀ ಮಳೆಗೆ ಹೆದರಿ ಕ್ಲಬ್ ಹೌಸಿಗೆ ಓಡಿದರೆ ಅನರ್ಹ. ಮಲೆನಾಡಿನಲ್ಲಿ ಗೊರಬು ಹೊದ್ದು ದಿನವಿಡೀ ನಾಟಿ ಮಾಡುವವರ ಮುಂದೆ ಇದನ್ನು ಶೌರ್ಯ ಅಂತ ಹೇಳಿಕೊಳ್ಳಬೇಡಿ, ನಗುತ್ತಾರೆ. ಆದರೆ ಒಂದು ವಿಷಯಕ್ಕೆ ಮಾತ್ರ ಯಾರನ್ನೂ ಕೇಳದೆ ನಿಲ್ಲಿಸುವ ಹಕ್ಕು ಪ್ರತಿ ಆಟಗಾರನಿಗೂ ಇದೆ. ಅದು ಸಿಡಿಲು.

ಇಲ್ಲಿ ನಾನು ತಮಾಷೆ ಬಿಡುತ್ತೇನೆ. ಬೆಂಗಳೂರಿನ ಸುತ್ತ ಕೆಟ್ಟ ಹವೆ ಎರಡು ಜಾತಿ. ಆಷಾಢದ್ದು ಗಾಳಿ ಮತ್ತು ಜಿಟಿಜಿಟಿ. ಅದು ನಿಮ್ಮ ಸ್ಕೋರನ್ನು ಮಾತ್ರ ಹಾಳು ಮಾಡುತ್ತದೆ. ಇನ್ನೊಂದು ಏಪ್ರಿಲ್, ಮೇ ತಿಂಗಳ ಭರಣಿ, ಕೃತ್ತಿಕೆ ಮಳೆ, ಆಮೇಲೆ ಹಿಂಗಾರು ಬರುವ ಹೊತ್ತಿನ ಹಸ್ತ, ಚಿತ್ತ ಮಳೆ. ಮಧ್ಯಾಹ್ನ ಸೆಕೆ, ಸಂಜೆ ಕಪ್ಪು ಮೋಡ, ಗುಡುಗು. ಇದು ಪ್ರಾಣದ ವಿಷಯ. ಬಯಲಿನ ನಡುವೆ ನಿಂತ ಮನುಷ್ಯ ಅಲ್ಲಿನ ಅತಿ ಎತ್ತರದ ವಸ್ತು. ಮರದ ಕೆಳಗೆ ಹೋದರೆ ಅದಕ್ಕಿಂತ ಅಪಾಯ. ಮರಕ್ಕೆ ಬಡಿದ ಸಿಡಿಲು ಪಕ್ಕದ ಮೈಗೆ ನೆಗೆಯುತ್ತದೆ, ಇಲ್ಲವೇ ಬೇರಿನ ಜಾಡಿನಲ್ಲಿ ನೆಲದೊಳಗೆ ಹರಿದು ಕಾಲಿನಿಂದ ಹತ್ತುತ್ತದೆ. 1991ರಲ್ಲಿ ಅಮೆರಿಕದ ಹೇಜಲ್ಟೀನ್ ಮೈದಾನದಲ್ಲಿ ಯುಎಸ್ ಓಪನ್ ನಡೆಯುವಾಗ ಮರದ ಕೆಳಗೆ ನಿಂತಿದ್ದ ಪ್ರೇಕ್ಷಕರಿಗೆ ಸಿಡಿಲು ಬಡಿದು ಒಬ್ಬರು ಸತ್ತರು. 1975ರಲ್ಲಿ ಶಿಕಾಗೋ ಹತ್ತಿರ ವೆಸ್ಟರ್ನ್ ಓಪನ್‌ನಲ್ಲಿ ಲೀ ಟ್ರೆವಿನೋ ಸೇರಿ ಮೂವರು ಆಟಗಾರರಿಗೆ ಬಡಿಯಿತು. ಮೂವರೂ ಬದುಕಿದರು, ಆದರೆ ಟ್ರೆವಿನೋ ಬೆನ್ನಿಗೆ ಆಪರೇಷನ್ ಆಗಬೇಕಾಯಿತು.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡ್ ಬೇಕು. 30 ಎಣಿಸುವುದರೊಳಗೆ ಗುಡುಗಿದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ, ಮುಂದಿನದು ನಿಮ್ಮ ಮೇಲೇ ಬೀಳಬಹುದು. ಹೊರಡಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ವಾಪಸ್ ಬರಬೇಡಿ. ನಾಲ್ಕು ಕಂಬದ ಮೇಲೆ ಸೂರು ಹೊದಿಸಿದ ಮಳೆ ಶೆಡ್ಡು ಮೈ ನೆನೆಯದ ಹಾಗೆ ಕಾಯುತ್ತದೆ, ಸಿಡಿಲಿನಿಂದ ಕಾಯುವುದಿಲ್ಲ. ಗಾಲ್ಫ್ ಕಾರ್ಟ್ ಕೂಡ ಅಷ್ಟೇ. ಗಟ್ಟಿ ಕಟ್ಟಡ, ಇಲ್ಲವೇ ಕಿಟಕಿ ಏರಿಸಿದ ಕಾರು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ 'ದಾಮಿನಿ' ಆಪ್, ಕರ್ನಾಟಕದ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆಪ್ ಇವೆ, ಹಾಕಿಕೊಳ್ಳಿ. ಸೈರನ್ ಭಾಷೆಯನ್ನೂ ಕಲಿತಿರಿ. ಒಂದೇ ಉದ್ದ ಕೂಗು ಅಂದರೆ ಆ ಕ್ಷಣವೇ ನಿಲ್ಲಿಸಬೇಕು, ಅರ್ಧ ಅಡಿ ಪಟ್ ಬಾಕಿ ಇದ್ದರೂ ಹೊಡೆಯುವ ಹಾಗಿಲ್ಲ. ಮೂರು ಕೂಗು ಅಂದರೆ ಕೈಯಲ್ಲಿರುವ ಹೋಲ್ ಮುಗಿಸಬಹುದು. ಎರಡು ಚಿಕ್ಕ ಕೂಗು ಅಂದರೆ ಮತ್ತೆ ಶುರು.

ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಒಲಿಂಪಿಕ್ ಪದಕದ ಹತ್ತಿರ ಬಂದ ದಿನವೂ ಇಂಥದ್ದೇ ಹವೆ. 2021ರ ಆಗಸ್ಟ್ 7, ಟೋಕಿಯೋ ಒಲಿಂಪಿಕ್ಸ್‌ನ ಕೊನೆಯ ಸುತ್ತು. ಚಂಡಮಾರುತದ ಮುನ್ಸೂಚನೆ ಇತ್ತು. ಕೆಲವೇ ಹೋಲು ಬಾಕಿ ಇರುವಾಗ ಗುಡುಗು ಮಳೆಗೆ ಆಟ ನಿಲ್ಲಿಸಿದರು. ಇಲ್ಲಿ ನಿದ್ದೆಗೆಟ್ಟು ಟಿವಿ ಮುಂದೆ ಕೂತಿದ್ದವರಲ್ಲಿ ಗಾಲ್ಫ್ ಅಂದರೇನು ಅಂತ ಅವತ್ತೇ ಮೊದಲು ಕೇಳಿದವರು ಬೇಕಾದಷ್ಟು ಜನ. ಆಕೆಯ ಬ್ಯಾಗ್ ಹೊತ್ತಿದ್ದದ್ದು ಅಮ್ಮ. ಮಳೆ ಬಿಟ್ಟ ಮೇಲೆ ಮತ್ತೆ ಹೋಗಿ ಆಡಿ, ಒಂದೇ ಏಟಿನಲ್ಲಿ ಪದಕ ತಪ್ಪಿ ನಾಲ್ಕನೆಯವರಾದರು. ನಿಂತು ಮತ್ತೆ ಶುರು ಮಾಡೋದು ಎಷ್ಟು ಕಷ್ಟ ಅನ್ನೋದು ಒಂದು ಸಲ ಶೆಡ್ಡಿನಲ್ಲಿ ನಡುಗುತ್ತಾ ಕೂತು ಎದ್ದವರಿಗೆ ಗೊತ್ತು. ಮೈ ತಣ್ಣಗಾಗಿರುತ್ತದೆ, ಲಯ ಹೋಗಿರುತ್ತದೆ.

ಸ್ಕೋರ್ ವಿಷಯಕ್ಕೆ ಬಂದರೆ, 2002ರ ಬ್ರಿಟಿಷ್ ಓಪನ್ ನೆನಪು ಮಾಡಿಕೊಳ್ಳಿ. ಸ್ಕಾಟ್ಲೆಂಡಿನ ಮುಯಿರ್‌ಫೀಲ್ಡ್. ಆ ವರ್ಷದ ಮಾಸ್ಟರ್ಸ್, ಯುಎಸ್ ಓಪನ್ ಎರಡನ್ನೂ ಗೆದ್ದು ಬಂದಿದ್ದ ಟೈಗರ್ ವುಡ್ಸ್ ಮೂರನೇ ದಿನ ಮಳೆಗಾಳಿಗೆ ಸಿಕ್ಕಿ 81 ಹೊಡೆದರು. ಮಾರನೇ ದಿನ ಅದೇ ಮೈದಾನದಲ್ಲಿ 65. ಒಂದೇ ಮನುಷ್ಯ, ಒಂದೇ ಬ್ಯಾಗು, ಹದಿನಾರು ಏಟಿನ ವ್ಯತ್ಯಾಸ. ನೀವು 92 ಹೊಡೆಯುವವರಾದರೆ ಅಂಥ ದಿನ 102 ಆದರೆ ಬೇಜಾರು ಯಾಕೆ?

ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ನೋಡಿ ಕೊಡುವ ಏಟಿನ ರಿಯಾಯಿತಿ) ಲೆಕ್ಕಕ್ಕೂ ಇದು ಗೊತ್ತು. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಆ ದಿನ ಆ ಮೈದಾನದಲ್ಲಿ ಆಡಿದವರ ಸ್ಕೋರುಗಳನ್ನು, ಅವರಿಂದ ನಿರೀಕ್ಷೆ ಇದ್ದ ಸ್ಕೋರಿನ ಜೊತೆ ಹೋಲಿಸುತ್ತಾರೆ. ಕಡಿಮೆಯೆಂದರೆ ಎಂಟು ಜನರ ಸ್ಕೋರ್ ಬೇಕು. ಎಲ್ಲರೂ ಒದ್ದಾಡಿದ್ದರೆ ನಿಮ್ಮ ಲೆಕ್ಕದಲ್ಲಿ ಮೂರು ಏಟಿನವರೆಗೆ ಮಾಫಿ ಸಿಗಬಹುದು. ಹವೆ ಸುಲಭವಾಗಿದ್ದ ದಿನ ಒಂದು ಏಟು ಹೆಚ್ಚೂ ಹಾಕುತ್ತಾರೆ. ಅದೂ ಅಲ್ಲದೆ ಹ್ಯಾಂಡಿಕ್ಯಾಪ್ ನಿಲ್ಲುವುದು ನಿಮ್ಮ ಕೊನೆಯ 20 ಸುತ್ತುಗಳಲ್ಲಿ ಚೆನ್ನಾಗಿರುವ 8ರ ಸರಾಸರಿ ಮೇಲೆ. ಮಳೆ ದಿನದ್ದು ಆ ಎಂಟರೊಳಗೆ ಬರೋದೇ ಅಪರೂಪ.

ಒಂದೊಂದು ಹೋಲಿಗೂ ಮಿತಿ ಇದೆ. ನನ್ನ ಹ್ಯಾಂಡಿಕ್ಯಾಪ್ 20. ಆ ಪಾರ್ 3 ಹೋಲಿನಲ್ಲಿ ನನಗೆ ಒಂದು ಏಟಿನ ರಿಯಾಯಿತಿ. ಪಾರ್ 3, ಜೊತೆಗೆ 2, ಜೊತೆಗೆ ಆ 1. ಎಷ್ಟೇ ಹೊಡೆದಿದ್ದರೂ ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ 6ಕ್ಕಿಂತ ಹೆಚ್ಚು ಹೋಗುವುದಿಲ್ಲ. ನಾನು ಅವತ್ತು 8 ಹೊಡೆದೆ. ನೀರಿನ ಬಂಕರ್, ಗಟ್ಟಿ ಮರಳು, ಹೂತ ಚೆಂಡು, ಆಮೇಲೆ ಒದ್ದೆ ಗ್ರೀನಿನಲ್ಲಿ ಅರ್ಧದಾರಿಗೇ ನಿಂತ ಎರಡು ಪಟ್.

ಮುಂದಿನ ಟೀಯಲ್ಲಿ ಮತ್ತೆ ಎದುರುಗಾಳಿ. ನಾನು ಬ್ಯಾಗಿಗೆ ಕೈ ಹಾಕುವ ಮುಂಚೆ ಕ್ಯಾಡಿ ಕಡೆ ನೋಡಿದೆ. ಅವರು ಮರದ ತುದಿ ನೋಡುತ್ತಿದ್ದರು.

"ಯಾವುದಣ್ಣ?"

"ಡ್ರೈವರ್ ಬೇಡ ಸಾರ್. ಮೂರು ಹೊಡೀರಿ. ಮೆಲ್ಲಗೆ."

ಮೂರು ವುಡ್, ಮುಕ್ಕಾಲು ಬೀಸು. ಚೆಂಡು ತಲೆ ಎತ್ತದೆ ಗಾಳಿಯ ಕೆಳಗೇ ನುಸುಳಿಕೊಂಡು ಹೋಗಿ ಫೇರ್‌ವೇ ನಡುವೆ ಪಚಕ್ ಅಂತ ಕೂತಿತು. ದೂರ ಹೆಚ್ಚೇನಿಲ್ಲ. ಹತ್ತಿರ ಹೋಗಿ ನೋಡಿದರೆ ಒಂದು ಕಡೆ ದಪ್ಪಗೆ ಮಣ್ಣು ಮೆತ್ತಿಕೊಂಡಿತ್ತು. ಅವತ್ತು ಬೋರ್ಡ್ ಹಾಕಿರಲಿಲ್ಲ.